ಉಪ್ಪುನೀರಿನ ಅಕ್ವೇರಿಯಂಗೆ ಆರ್‌ಒ-ಡಿಐ: ಮೈಸೂರಿನಲ್ಲೇ ಜೋಡಿಸಿಕೊಂಡ ಯಂತ್ರ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಆರ್‌ಒ-ಡಿಐ ಅಂದರೆ ಮೊದಲು ಆರ್‌ಒ ಮೆಂಬ್ರೇನ್ (ಲವಣ ತಡೆಯುವ ತೆಳು ಪೊರೆ), ಆಮೇಲೆ ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ಮಣಿಗಳು), ಎರಡರಲ್ಲೂ ಹಾಯಿಸಿ ನೀರು ಶುದ್ಧ ಮಾಡುವ ಯಂತ್ರ. ಹೊರದೇಶದ ಅಕ್ವೇರಿಯಂ ಕಂಪನಿಯದ್ದನ್ನು ನಾನು ಕೊಳ್ಳಲಿಲ್ಲ. ಕುವೆಂಪುನಗರದ ನಮ್ಮ ಮನೆಗೆ ಹತ್ತಿರವಿರುವ ಒಂದು ಆರ್‌ಒ ಸ್ಪೇರ್ ಅಂಗಡಿಯಲ್ಲಿ ಒಂದೊಂದೇ ಭಾಗ ಆರಿಸಿ, ಅಲ್ಲಿನ ಮೆಕ್ಯಾನಿಕ್ ಕೈಯಲ್ಲೇ ಜೋಡಿಸಿಕೊಂಡೆ. ವರ್ಷದ ಮೇಲಾಯಿತು. ಕೊನೆಯ ಪೈಪಿನಲ್ಲಿ ಬರುವ ನೀರಿನ ಟಿಡಿಎಸ್ (ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ, ಖನಿಜ ಕರಗಿದೆ ಅನ್ನುವ ಅಳತೆ) ಈಗಲೂ ಸೊನ್ನೆ ತೋರಿಸುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಯಾವ ಭಾಗ ಯಾಕೆ ಆರಿಸಿದೆ, ಏನೇನು ಬೇಡ ಅಂದೆ, ಈ ಯಂತ್ರದಲ್ಲಿ ಏನು ಸರಿಯಿಲ್ಲ, ಎಲ್ಲವನ್ನೂ ಬರೆಯುತ್ತೇನೆ. ಮೈಸೂರು, ಮಂಡ್ಯ ಕಡೆ ಉಪ್ಪುನೀರಿನ ತೊಟ್ಟಿ ಇಡಬೇಕು ಅಂತ ಆಸೆಯಿರುವವರಿಗೆ ಉಪಯೋಗವಾದೀತು.

ನಾನು ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಟೆಕ್ನೀಷಿಯನ್. ನಮ್ಮ ಆಟೋ ಅನಲೈಸರ್‌ಗೆ ಡಿಐ ನೀರೇ ಬೇಕು. ನೀರಿನಲ್ಲಿ ಸ್ವಲ್ಪ ಕಲ್ಮಶ ಉಳಿದರೂ ಕ್ಯಾಲ್ಸಿಯಂ ರಿಪೋರ್ಟ್ ಏರುಪೇರಾಗುತ್ತದೆ. ಹಾಗಾಗಿ ಮನೆಗೆ ಸಮುದ್ರದ ಮೀನು ತರುವ ಮಾತು ಬಂದಾಗ ನನ್ನ ಮನಸ್ಸು ಮೀನಿಗಿಂತ ಮುಂಚೆ ನೀರಿನ ಕಡೆಗೇ ಹೋಯಿತು. ಮೂರಡಿ ತೊಟ್ಟಿ, ಸುಮಾರು 180 ಲೀಟರ್. ಒಂದು ಜೋಡಿ ಕ್ಲೌನ್ ಮೀನು, ಎರಡು ಕ್ಲೀನರ್ ಸೀಗಡಿ, ಒಂದಷ್ಟು ಬಸವನಹುಳು. ಹವಳ ಇಟ್ಟಿಲ್ಲ, ಇಡುವುದೂ ಇಲ್ಲ. ನಮ್ಮ ಕಡಲಿನ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲೇ ರಕ್ಷಣೆ ಇದೆ. ಯಾರಾದರೂ ಕಡಿಮೆ ದುಡ್ಡಿಗೆ ತಂದುಕೊಡುತ್ತೇನೆ ಅಂದರೆ ದಯವಿಟ್ಟು ಬೇಡ ಅನ್ನಿ.

ಕಾವೇರಿ ನೀರು ಕುಡಿಯುವುದಕ್ಕೆ ಚೆನ್ನಾಗೇ ಇದೆಯಲ್ಲ, ಮೀನಿಗೆ ಯಾಕೆ ಬೇಡ ಅಂತ ತುಂಬಾ ಜನ ಕೇಳುತ್ತಾರೆ. ನಮ್ಮ ಊರಿಗೆ ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಕಡೆಯಿಂದ ಕಾವೇರಿಯೂ ಬಿದರಗೂಡಿನಿಂದ ಕಬಿನಿಯೂ ಬರುತ್ತವೆ. ನಮ್ಮ ನಲ್ಲಿಯ ಟಿಡಿಎಸ್ 180ರ ಆಸುಪಾಸು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಇಟ್ಟಿರುವ ಮಿತಿ 500. ಅಂದರೆ ನಮಗೆ ಒಳ್ಳೆಯ ನೀರೇ. ಆದರೆ ತೊಟ್ಟಿಯ ಲೆಕ್ಕ ಬೇರೆ. ಮೊದಲನೆಯದು ಕ್ಲೋರಿನ್. ನಮ್ಮನ್ನು ಕಾಯಿಲೆಯಿಂದ ಕಾಯುವ ಅದೇ ಕ್ಲೋರಿನ್ ತೊಟ್ಟಿಯ ಕಲ್ಲಿನಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಎರಡನೆಯದು ನೈಟ್ರೇಟ್ ಮತ್ತು ಫಾಸ್ಫೇಟ್. ಸ್ವಲ್ಪ ಇದ್ದರೂ ಪಾಚಿಗೆ ಗೊಬ್ಬರ. ಮೂರನೆಯದು ಸಿಲಿಕಾ. ಗಾಜು, ಮರಳಿನ ಮೇಲೆ ಕಂದು ಬಣ್ಣದ ಪಾಚಿ ಕಟ್ಟುವುದು ಇದರಿಂದ. ನಾಲ್ಕನೆಯದು ತಾಮ್ರ. ಮೀನು ತಡೆದುಕೊಂಡೀತು, ಸೀಗಡಿ, ಬಸವನಹುಳು ತಡೆಯಲಾರವು.

ಇನ್ನೊಂದು ವಿಷಯ ಇದೆ, ಇದನ್ನು ಅಂಗಡಿಯವರು ಹೇಳುವುದೇ ಇಲ್ಲ. ತೊಟ್ಟಿಯಿಂದ ದಿನವೂ ನೀರು ಆವಿಯಾಗುತ್ತದೆ. ಚಿಲ್ಲರ್ (ನೀರು ತಣ್ಣಗಿಡುವ ಯಂತ್ರ) ಇಲ್ಲದೆ ಫ್ಯಾನ್ ಇಟ್ಟುಕೊಂಡಿರುವ ನಮ್ಮಂಥವರಿಗೆ ಮಾರ್ಚ್-ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಲೀಟರ್ ಮೇಲೆಯೇ ಹೋಗುತ್ತದೆ. ಆವಿಯಾಗುವುದು ನೀರು ಮಾತ್ರ. ಉಪ್ಪು, ಖನಿಜ ಎಲ್ಲಾ ಅಲ್ಲೇ ಉಳಿಯುತ್ತದೆ. ಆ ಜಾಗಕ್ಕೆ ನಲ್ಲಿ ನೀರು ಸುರಿಯುತ್ತಾ ಹೋದರೆ ಸುಣ್ಣ, ನೈಟ್ರೇಟ್, ತಾಮ್ರ ದಿನದಿನವೂ ಸೇರಿಕೊಳ್ಳುತ್ತಲೇ ಇರುತ್ತವೆ. ಮಂಗಳೂರಿನಿಂದ ಕ್ಯಾನ್‌ಗಳಲ್ಲಿ ಸಮುದ್ರದ ನೀರನ್ನೇ ತಂದು ತುಂಬಿಸಿದರೂ ಆವಿಯಾದದ್ದನ್ನು ತುಂಬಲು ಸಿಹಿನೀರೇ ಬೇಕು. ಹಾಗಾಗಿ ಶುದ್ಧ ನೀರಿನ ಖರ್ಚು ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಯಂತ್ರ ಕೊಳ್ಳದೆ ಆಗುತ್ತದಾ ಅಂತ ಮೊದಲು ನೋಡಿದೆ. ಬೀದಿ ಕೊನೆಯ ಇಪ್ಪತ್ತು ಲೀಟರ್ ಕ್ಯಾನ್ ನೀರಿಗೆ ಮೀಟರ್ ಅದ್ದಿದರೆ 45 ಬಂತು. ಕುಡಿಯುವ ನೀರಿಗೆ ರುಚಿ ಇರಲಿ ಅಂತ ಅವರು ಸ್ವಲ್ಪ ಖನಿಜ ಉಳಿಸಿಯೇ ಕೊಡುತ್ತಾರೆ, ತಪ್ಪಲ್ಲ. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳದ್ದೂ ಇದೇ ಕಥೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಂತ ಮಾರುವುದರಲ್ಲಿ ಒಂದು ಕ್ಯಾನಿನ ಗುಣ ಇನ್ನೊಂದರಲ್ಲಿ ಇರಲಿಲ್ಲ. ವಾರಕ್ಕೆ ಇಪ್ಪತ್ತೈದು ಮೂವತ್ತು ಲೀಟರ್ ಬೇಕಾದವರಿಗೆ ಅದು ಕೈಗೆಟುಕುವುದೂ ಇಲ್ಲ.

ಅಡುಗೆಮನೆಯ ಆರ್‌ಒ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲರೂ ಮೊದಲು ಯೋಚಿಸುವುದು ಅದನ್ನೇ. ಮನೆಯಲ್ಲಿ ಹೇಗೂ ಇದೆ, ಮೆಂಬ್ರೇನೂ ಅದೇ ತಾನೇ ಅಂತ. ಮೆಂಬ್ರೇನ್ ಏನೋ ಅದೇ ಜಾತಿಯದ್ದು. ಆದರೆ ಅದರ ನಂತರ ಬರುವುದೆಲ್ಲಾ ನಮಗೆ ವಿರುದ್ಧ. ಟಿಡಿಎಸ್ ಕಂಟ್ರೋಲರ್ ಅಂತ ಒಂದು ಚಿಕ್ಕ ತಿರುಪು ಇರುತ್ತದೆ. ಅದು ಮೆಂಬ್ರೇನ್ ದಾಟದ ನೀರನ್ನೇ ಸ್ವಲ್ಪ ತಂದು ಶುದ್ಧ ನೀರಿಗೆ ಬೆರೆಸುತ್ತದೆ. ಆಮೇಲೆ ಮಿನರಲ್ ಕಾರ್ಟ್ರಿಡ್ಜ್, ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸುತ್ತದೆ. ಈಚೆಗೆ ಕಾಪರ್ ಕಾರ್ಟ್ರಿಡ್ಜ್ ಬೇರೆ. ತಾಮ್ರದ ಚೆಂಬಿನ ನೀರು ಕುಡಿದ ಹಾಗೆ ಅಂತ ಹೇಳಿ ಮಾರುತ್ತಾರೆ. ನಿಮ್ಮ ಮನೆಯ ಯಂತ್ರದಲ್ಲಿ ಕಾಪರ್ ಅಂತ ಬರೆದಿದ್ದರೆ ಅದರ ಒಂದು ಲೋಟ ನೀರೂ ಸೀಗಡಿ ಇರುವ ತೊಟ್ಟಿಗೆ ಹೋಗಬಾರದು. ಇದನ್ನು ಮಾತ್ರ ಯಾರೂ ಮರೆಯಬೇಡಿ.

ಮೊದಲು ವಿಚಾರಿಸಿದ ಒಂದು ಕಡೆ ಇದನ್ನೇ ಕೊಡಲು ನೋಡಿದರು. "ಮೇಡಂ, ಏಳು ಸ್ಟೇಜ್ ಹಾಕಿಕೊಡ್ತೀನಿ. ಯುವಿ, ಯುಎಫ್, ಆಲ್ಕಲೈನ್, ಕಾಪರ್ ಎಲ್ಲಾ ಇರುತ್ತೆ, ಮೀನೂ ಚೆನ್ನಾಗಿರುತ್ತೆ," ಅಂದರು. ಸ್ಟೇಜ್ ಎಷ್ಟು ಅನ್ನುವುದರ ಮೇಲೆ ಬೆಲೆ ಹೇಳುವ ಅಂಗಡಿಯಿಂದ ಹಾಗೇ ಹೊರಗೆ ಬಂದುಬಿಡಿ. ನಮಗೆ ಬೇಕಾದ್ದು ನಾಲ್ಕೇ: ಮಣ್ಣು ತಡೆಯುವ ಸ್ಪನ್ ಫಿಲ್ಟರ್, ಕ್ಲೋರಿನ್ ಹೀರುವ ಕಾರ್ಬನ್, ಮೆಂಬ್ರೇನ್, ಕೊನೆಗೆ ಡಿಐ ರೆಸಿನ್. ಮೆಂಬ್ರೇನ್ ಆದ ಮೇಲೆ ರುಚಿಗೆ ಅಂತ ಹಾಕುವ ಪೋಸ್ಟ್ ಕಾರ್ಬನ್ ಕೂಡ ಬೇಡ.

ಎರಡನೆಯ ಅಂಗಡಿಯವರು ಬೇರೆ ಥರ. ನಾನು ಹೇಳಿದ್ದು ಇಷ್ಟೇ: "ಅಣ್ಣಾ, ಇದು ಕುಡಿಯೋಕಲ್ಲ. ನೀರಿಗೆ ಏನೂ ಸೇರಿಸೋದು ಬೇಡ, ಇರೋದನ್ನೆಲ್ಲಾ ತೆಗೀಬೇಕು." ಅವರು ಒಂದು ಕ್ಷಣ ಯೋಚಿಸಿ, "ಹಂಗಾದ್ರೆ ಮೆಂಬ್ರೇನ್‌ಗೆ ದುಡ್ಡು ಹಾಕಿ ಅಕ್ಕಾ, ಕವರ್‌ಗೆ ಬೇಡ," ಅಂದರು. ಆ ಮಾತಿಗೇ ನನಗೆ ನಂಬಿಕೆ ಬಂತು.

ಯಾಕೆ ಅಂದರೆ ಇಡೀ ಯಂತ್ರದ ಗುಣ ನಿಂತಿರುವುದು ಮೆಂಬ್ರೇನ್ ಎಷ್ಟು ಶೇಕಡಾ ಲವಣ ತಡೆಯುತ್ತದೆ ಅನ್ನುವುದರ ಮೇಲೆ. ಅಂಗಡಿಗಳಲ್ಲಿ ಎಲ್ಲರೂ ಕೇಳುವುದು ಎಷ್ಟು ಜಿಪಿಡಿ ಅಂತ, ಅಂದರೆ ದಿನಕ್ಕೆ ಎಷ್ಟು ಗ್ಯಾಲನ್. 75 ಜಿಪಿಡಿ ಅಂದರೆ ದಿನಕ್ಕೆ ಸುಮಾರು 284 ಲೀಟರ್. ನನಗೆ ವಾರಕ್ಕೇ ಮೂವತ್ತು ಲೀಟರ್ ಸಾಕು. 100, 150, 300 ಜಿಪಿಡಿ ತಗೊಂಡು ಏನು ಮಾಡುವುದು? ನೋಡಬೇಕಾದ ಲೆಕ್ಕ ಇದು. ನಲ್ಲಿಯಲ್ಲಿ 180 ಇದೆ ಅನ್ನಿ. ಶೇಕಡಾ 90 ತಡೆಯುವ ಮೆಂಬ್ರೇನ್ ಆದರೆ ಡಿಐಗೆ 18 ಹೋಗುತ್ತದೆ. 96 ಆದರೆ 7 ಚಿಲ್ಲರೆ. 98 ಆದರೆ ಮೂರೂವರೆ. 96ಕ್ಕೂ 98ಕ್ಕೂ ಎರಡೇ ಅಂಕ ವ್ಯತ್ಯಾಸ ಅನ್ನಿಸುತ್ತದೆ, ಆದರೆ ರೆಸಿನ್ ಮೇಲೆ ಬೀಳುವ ಹೊರೆ ಅರ್ಧಕ್ಕೆ ಇಳಿಯಿತು. ರೆಸಿನ್ ಎರಡರಷ್ಟು ಕಾಲ ಬಂತು. ಈ ಯಂತ್ರದಲ್ಲಿ ಮತ್ತೆ ಮತ್ತೆ ದುಡ್ಡು ತಿನ್ನುವುದು ರೆಸಿನ್ ಒಂದೇ. ಮೆಂಬ್ರೇನ್‌ಗೆ ಒಂದು ಸಲ ಐನೂರು ಆರುನೂರು ರೂಪಾಯಿ ಜಾಸ್ತಿ ಕೊಟ್ಟರೆ ಅದು ರೆಸಿನ್‌ನಲ್ಲೇ ವಾಪಸ್ ಬರುತ್ತದೆ.

ನಾನು ತಗೊಂಡದ್ದು ಫಿಲ್ಮ್‌ಟೆಕ್ 75 ಜಿಪಿಡಿ. ಶೇಕಡಾ 98 ಅಂತ ಕಂಪನಿ ಹೇಳುವುದು 50 ಪಿಎಸ್‌ಐ ಒತ್ತಡ, 25 ಡಿಗ್ರಿ ಉಷ್ಣಾಂಶದಲ್ಲಿ. ನಮ್ಮ ಮನೆಯಲ್ಲಿ ಅಳೆದಾಗ ನಲ್ಲಿ 180, ಮೆಂಬ್ರೇನ್ ನಂತರ 5. ಅಂದರೆ 97ರ ಮೇಲೆ. ಈ ಹೆಸರಿನ ನಕಲಿ ಮಾಲು ಮಾರುಕಟ್ಟೆಯಲ್ಲಿ ಓಡಾಡುತ್ತದೆ, ಅದಕ್ಕೇ ಸೀಲ್ ಒಡೆಯದ ಪ್ಯಾಕೆಟ್ ಕೇಳಿ, ಮನೆಗೆ ಬಂದ ಮೇಲೆ ಅಳೆಯಿರಿ. ಹೊಸ ಮೆಂಬ್ರೇನ್‌ನ ಮೊದಲ ಕೆಲವು ಗಂಟೆಯ ನೀರು ಚೆಲ್ಲಿ, ಆಮೇಲೆ ಅಳೆದರೆ ಸರಿಯಾದ ಅಂಕೆ ಸಿಗುತ್ತದೆ. ವಾನ್‌ಟ್ರಾನ್, ಸಿಎಸ್‌ಎಂ ಕೂಡ ಅಂಗಡಿಯಲ್ಲಿದ್ದವು. ಅವನ್ನು ನಾನು ಬಳಸಿಲ್ಲ, ಅದಕ್ಕೆ ಹೋಲಿಸಿ ಹೇಳುವುದಿಲ್ಲ.

ಈ ಮೆಂಬ್ರೇನ್ ವಿಷಯ ಬಂದಾಗಲೆಲ್ಲಾ ನನಗೊಂದು ಹೆಮ್ಮೆ. ಉಪ್ಪು ತಡೆದು ನೀರನ್ನು ಬೇಗ ಬಿಡುವ, ಕೆಲಸಕ್ಕೆ ಬರುವಂಥ ಮೊದಲ ಆರ್‌ಒ ಮೆಂಬ್ರೇನ್ ಮಾಡಿದವರು ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್. ಸೌರಿರಾಜನ್ ಭಾರತೀಯ ಮೂಲದವರು. 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆದ ಕೆಲಸ ಅದು. ಸಮುದ್ರದ ನೀರನ್ನು ಸಿಹಿ ಮಾಡಲು ಹೊರಟ ವಿದ್ಯೆ, ಸಮುದ್ರವೇ ಇಲ್ಲದ ಊರಲ್ಲಿ ಈಗ ಕಡಲ ಮೀನನ್ನು ಬದುಕಿಸುತ್ತಿದೆ.

ಇನ್ನು ಒತ್ತಡ. ಹೊರದೇಶದ ಯಂತ್ರಗಳನ್ನು ನಾನು ಬಿಟ್ಟದ್ದಕ್ಕೆ ದೊಡ್ಡ ಕಾರಣ ಇದೇ. ಅಲ್ಲಿ ನಲ್ಲಿಗೇ ನಲವತ್ತು ಐವತ್ತು ಪಿಎಸ್‌ಐ ಒತ್ತಡ ಇರುತ್ತದೆ ಅಂದುಕೊಂಡು ಅವನ್ನು ಮಾಡಿರುತ್ತಾರೆ. ನಮ್ಮಲ್ಲಿ ನೀರು ನೆಲದೊಳಗಿನ ಸಂಪ್ ತೊಟ್ಟಿಗೆ ಬಂದು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಹೋಗಿ, ಟ್ಯಾಂಕಿನಿಂದ ಇಳಿಯುವುದು. ಒಂದು ಮೀಟರ್ ಎತ್ತರಕ್ಕೆ 1.4 ಪಿಎಸ್‌ಐ ಸಿಗುತ್ತದೆ. ಟ್ಯಾಂಕ್ ನನ್ನ ಯಂತ್ರಕ್ಕಿಂತ ಆರು ಮೀಟರ್ ಮೇಲಿದೆ ಅಂದರೂ ಒಂಬತ್ತು ಪಿಎಸ್‌ಐ ಕೂಡ ಇಲ್ಲ. ಅಷ್ಟಕ್ಕೆ ಮೆಂಬ್ರೇನ್‌ನಿಂದ ನೀರು ತೊಟ್ಟಿಕ್ಕುತ್ತದೆ, ಬರುವ ನೀರಿನ ಗುಣವೂ ಕೆಡುತ್ತದೆ. ಬೂಸ್ಟರ್ ಪಂಪ್ ಬೇಕೇ ಬೇಕು. ಹೊರದೇಶದ ಯಂತ್ರಕ್ಕೆ ಅದನ್ನು ಬೇರೆ ದುಡ್ಡು ಕೊಟ್ಟು ಸೇರಿಸಬೇಕು. ನಮ್ಮ ಆರ್‌ಒ ಅಂಗಡಿಗಳಲ್ಲಿ 24 ವೋಲ್ಟಿನ ಪಂಪ್, ಅದರ ಅಡಾಪ್ಟರ್, ಸೊಲೆನಾಯ್ಡ್ ವಾಲ್ವ್ ಎಲ್ಲಾ ದಿನದ ಮಾಲು. ಸಂಜೆ ಕೆಟ್ಟರೆ ಬೆಳಿಗ್ಗೆ ಸಿಗುತ್ತದೆ. ಒಂದು ಪ್ರೆಶರ್ ಗೇಜ್ ಮಾತ್ರ ಕೇಳಿ ಹಾಕಿಸಿಕೊಳ್ಳಿ. ಅವರಾಗಿ ಹಾಕುವುದಿಲ್ಲ. ನನ್ನದರಲ್ಲಿ ಮುಳ್ಳು 60-65ರಲ್ಲಿ ನಿಲ್ಲುತ್ತದೆ. ಪಂಪ್‌ನ ಸದ್ದು ಹಾಗೇ ಇದ್ದು ಮುಳ್ಳು ಇಳಿದರೆ ಸ್ಪನ್ ಅಥವಾ ಕಾರ್ಬನ್ ಕಟ್ಟಿಕೊಂಡಿದೆ ಅಂತ ಅರ್ಥ.

ಕಾರ್ಬನ್‌ನಲ್ಲಿ ಕಣಕಣವಾಗಿರುವುದು ಬೇಡ ಅಂದು, ಗಟ್ಟಿಯಾಗಿ ಒತ್ತಿ ಮಾಡಿದ ಬ್ಲಾಕ್ ಹಾಕಿಸಿದೆ. ಕ್ಲೋರಿನ್ ಮೆಂಬ್ರೇನ್‌ಗೆ ವಿಷ, ತಪ್ಪಿಸಿಕೊಂಡು ಹೋದರೆ ಪದರವನ್ನೇ ತಿನ್ನುತ್ತದೆ. ಈಜುಕೊಳಕ್ಕೆ ಮಾರುವ ಕ್ಲೋರಿನ್ ಟೆಸ್ಟ್ ಹನಿ ತಂದು, ಹೊರಗೆ ಬೀಳುವ ವೇಸ್ಟ್ ನೀರಿಗೆ ಆಗಾಗ ಹಾಕಿ ನೋಡುತ್ತೇನೆ. ಹಳದಿ ಆಗಬಾರದು.

ಈಗ ಡಿಐ. ಇದು ನನ್ನ ಇಷ್ಟದ ಭಾಗ. ರೆಸಿನ್ ಅಂದರೆ ಸಾಬೂದಾನಿಗಿಂತ ಚಿಕ್ಕ ಮಣಿಗಳು. ಎರಡು ಥರದ ಮಣಿ ಬೆರೆತಿರುತ್ತವೆ. ಒಂದು ಥರದವು ಸೋಡಿಯಂ, ಕ್ಯಾಲ್ಸಿಯಂಗಳನ್ನು ಹಿಡಿದು ಬದಲಿಗೆ ಹೈಡ್ರೋಜನ್ ಬಿಡುತ್ತವೆ. ಇನ್ನೊಂದು ಥರದವು ಕ್ಲೋರೈಡ್, ನೈಟ್ರೇಟ್, ಸಿಲಿಕಾಗಳನ್ನು ಹಿಡಿದು ಹೈಡ್ರಾಕ್ಸಿಲ್ ಬಿಡುತ್ತವೆ. ಬಿಟ್ಟದ್ದು ಎರಡೂ ಸೇರಿದರೆ ನೀರೇ. ಹೀಗೆ ಮೆಂಬ್ರೇನ್ ದಾಟಿ ಬಂದ ಕೊನೆಯ ಐದಾರು ಅಂಶವೂ ಸೊನ್ನೆಗೆ ಇಳಿಯುತ್ತದೆ.

ಮೈಸೂರಿನ ಅಂಗಡಿಗಳಲ್ಲಿ ಸುಮ್ನೆ ರೆಸಿನ್ ಕೊಡಿ ಅಂದರೆ ಸಾಫ್ಟ್‌ನರ್ ರೆಸಿನ್ ಕೊಡುತ್ತಾರೆ. ಬಚ್ಚಲಿನ ನೀರಿನ ಸುಣ್ಣ ತೆಗೆಯಲು ಹಾಕುವುದು ಅದು. ಸುಣ್ಣ ಹಿಡಿದು ಸೋಡಿಯಂ ಬಿಡುತ್ತದೆ. ಟಿಡಿಎಸ್ ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ. ಎರಡೂ ಥರದ ಮಣಿ ಬೆರೆತಿರುವ ಮಿಕ್ಸ್ಡ್ ಬೆಡ್ ರೆಸಿನ್ ಅಂತ ಬಾಯಿಬಿಟ್ಟು ಹೇಳಿ. ನಮ್ಮ ಲ್ಯಾಬಿಗೆ ಡಿಐ ಸಾಮಾನು ಕೊಡುವವರಿಂದಲೇ ನಾನು ತರಿಸಿಕೊಳ್ಳುತ್ತೇನೆ. ಬಣ್ಣ ಬದಲಾಯಿಸುವ ರೆಸಿನ್ ಸಿಕ್ಕರೆ ಒಳ್ಳೆಯದು, ಕೆಳಗಿನಿಂದ ಮೇಲಕ್ಕೆ ಎಷ್ಟು ಮುಗಿದಿದೆ ಅಂತ ಕಣ್ಣಿಗೆ ಕಾಣುತ್ತದೆ. ಆದರೂ ಬಣ್ಣವನ್ನೇ ನಂಬಬೇಡಿ, ಮೀಟರ್ ನೋಡಿ. ಡಬ್ಬಿ ಬಿಗಿಯಾಗಿ ಮುಚ್ಚಿಡಿ, ಮಣಿ ಒಣಗಬಾರದು.

ಡಿಐ ಡಬ್ಬಿ ನೆಟ್ಟಗೆ ನಿಂತಿರಬೇಕು, ನೀರು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಕಡಿಮೆ ಬೆಲೆಯ ಯಂತ್ರಗಳಲ್ಲಿ ಕೊಳವೆಯಂಥ ಡಬ್ಬಿಯನ್ನು ಮೆಂಬ್ರೇನ್ ಪಕ್ಕ ಅಡ್ಡ ಮಲಗಿಸಿರುತ್ತಾರೆ. ಮಣಿ ಸ್ವಲ್ಪ ಕುಸಿದರೆ ಮೇಲೆ ಖಾಲಿ ದಾರಿ ಬೀಳುತ್ತದೆ. ನೀರು ಸಲೀಸಾಗಿ ಆ ದಾರಿಯಲ್ಲೇ ಹೋಗಿಬಿಡುತ್ತದೆ, ಮಣಿಗಳನ್ನು ಮುಟ್ಟುವುದೇ ಇಲ್ಲ. ನಾನು ಹತ್ತಿಂಚಿನ ಪಾರದರ್ಶಕ ಹೌಸಿಂಗ್ (ಹೊರಗಿನ ಡಬ್ಬಿ) ಹಾಕಿಸಿ, ಒಳಗೆ ರೆಸಿನ್ ತುಂಬುವ ಖಾಲಿ ಕಾರ್ಟ್ರಿಡ್ಜ್ ಇಟ್ಟಿದ್ದೇನೆ.

ಸೊನ್ನೆ ದಾಟಿ ಒಂದು ತೋರಿಸಿದರೆ ರೆಸಿನ್ ಬದಲಾಯಿಸುತ್ತೇನೆ. ಒಂದಕ್ಕೆಲ್ಲಾ ಯಾಕೆ ಇಷ್ಟು ಹಟ ಅಂತ ನಮ್ಮ ಮನೆಯವರೇ ಕೇಳಿದ್ದುಂಟು. ಕಾರಣ ಇದೆ. ರೆಸಿನ್ ಮುಗಿಯುತ್ತಾ ಬಂದಾಗ ಸಡಿಲವಾಗಿ ಹಿಡಿದಿದ್ದನ್ನು ಮೊದಲು ಕೈಬಿಡುತ್ತದೆ. ಸಿಲಿಕಾ ಅಂಥದ್ದು. ಅಷ್ಟು ದಿನ ಕೂಡಿಟ್ಟದ್ದು ಒಟ್ಟಿಗೇ ಹೊರಬೀಳುತ್ತದೆ. ಸಿಲಿಕಾ ಟಿಡಿಎಸ್ ಮೀಟರಿಗೆ ಸರಿಯಾಗಿ ಕಾಣುವುದೂ ಇಲ್ಲ. ಆದ್ದರಿಂದ ಮೀಟರಿನ ಒಂದು ಅನ್ನುವ ಅಂಕೆ ಪೂರ್ತಿ ಕಥೆ ಹೇಳುವುದಿಲ್ಲ. ಮುಗಿದ ರೆಸಿನನ್ನು ಆಸಿಡ್, ಕಾಸ್ಟಿಕ್ ಹಾಕಿ ಮನೆಯಲ್ಲೇ ಮತ್ತೆ ಜೀವ ಬರಿಸುವುದನ್ನು ಕೆಲವರು ಹೇಳಿಕೊಡುತ್ತಾರೆ. ಲ್ಯಾಬಿನಲ್ಲಿ ಆಸಿಡ್ ಸುಟ್ಟ ಕೈ ನೋಡಿದವಳಾಗಿ ಹೇಳುತ್ತೇನೆ, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಮೆಕ್ಯಾನಿಕ್ ಹತ್ತಿರ ನಾನು ಕೇಳಿ ಮಾಡಿಸಿಕೊಂಡ ಒಂದು ಪುಟ್ಟ ಬದಲಾವಣೆ ತುಂಬಾ ಉಪಕಾರವಾಯಿತು. ಯಂತ್ರ ನಿಂತಿದ್ದಾಗ ಮೆಂಬ್ರೇನ್‌ನ ಆ ಕಡೆಯ ಲವಣ ನಿಧಾನಕ್ಕೆ ಈ ಕಡೆ ಸೋರುತ್ತದೆ. ಮತ್ತೆ ಚಾಲೂ ಮಾಡಿದಾಗ ಮೊದಲ ಕೆಲವು ನಿಮಿಷ 5ರ ಬದಲು 40, 50 ಟಿಡಿಎಸ್ ಬರುತ್ತದೆ. ಅದು ನೇರ ಡಿಐಗೆ ಹೋದರೆ ರೆಸಿನ್ ಸುಮ್ಮನೆ ಹಾಳು. ಅದಕ್ಕೇ ಮೆಂಬ್ರೇನ್‌ಗೂ ಡಿಐಗೂ ನಡುವೆ ಪೈಪನ್ನು ಎರಡು ಕಡೆಗೆ ಒಡೆಯುವ ಒಂದು ಟಿ ಜಾಯಿಂಟ್ ಹಾಕಿ, ಎರಡು ಚಿಕ್ಕ ವಾಲ್ವ್ ಕೂರಿಸಿಕೊಂಡೆ. ಮೊದಲ ಐದು ನಿಮಿಷದ ನೀರು ಬಕೆಟ್ಟಿಗೆ, ಆಮೇಲೆ ವಾಲ್ವ್ ತಿರುಗಿಸಿದರೆ ಡಿಐಗೆ. ನೂರೈವತ್ತು ರೂಪಾಯಿ ಕೂಡ ಆಗಲಿಲ್ಲ. ಇದೇ ಕಾರಣಕ್ಕೆ ದಿನಕ್ಕೆ ಎರಡು ಲೀಟರ್ ಅಂತ ಮಾಡದೆ, ಭಾನುವಾರ ಒಂದೇ ಸಲ ಮೂರು ಗಂಟೆ ಓಡಿಸಿ ಡ್ರಮ್ ತುಂಬಿಸಿಕೊಳ್ಳುತ್ತೇನೆ. ಡ್ರಮ್ ಆಹಾರಕ್ಕೆ ಬಳಸುವ ಪ್ಲಾಸ್ಟಿಕ್‌ನದ್ದೇ ಆಗಿರಲಿ. ಡಿಐ ನಂತರ ಹಿತ್ತಾಳೆಯ ನಲ್ಲಿ ಎಲ್ಲೂ ಬೇಡ. ಇಷ್ಟು ಶುದ್ಧವಾದ ನೀರು ಲೋಹವನ್ನು ಕರಗಿಸಿಕೊಳ್ಳುತ್ತದೆ, ಹಿತ್ತಾಳೆಯಲ್ಲಿ ಇರುವುದೇ ತಾಮ್ರ.

ಋತುವಿಗೆ ತಕ್ಕಂತೆ ಯಂತ್ರದ ನಡತೆ ಬದಲಾಗುತ್ತದೆ. ಡಿಸೆಂಬರ್‌ನ ಚಳಿಯಲ್ಲಿ ನೀರು ನಿಧಾನ. 25 ಡಿಗ್ರಿಗಿಂತ ಒಂದೊಂದು ಡಿಗ್ರಿ ಇಳಿದರೂ ಮೆಂಬ್ರೇನ್‌ನ ನೀರು ಶೇಕಡಾ ಮೂರರಷ್ಟು ಕಡಿಮೆಯಾಗುತ್ತದೆ. ಕೆಟ್ಟಿದೆ ಅಂತ ಗಾಬರಿ ಬೇಡ. ಜುಲೈ-ಆಗಸ್ಟ್‌ನಲ್ಲಿ, ಕೆಆರ್‌ಎಸ್ 124.80 ಅಡಿ ಮುಟ್ಟಿತು ಅಂತ ಪೇಪರಿನಲ್ಲಿ ಬರುವ ಹೊತ್ತಿಗೆ, ನನ್ನ ಸ್ಪನ್ ಫಿಲ್ಟರ್ ಕೆಂಪುಗಂದು ತಿರುಗಿರುತ್ತದೆ. ಹೊಸ ನೀರಿನ ಮಣ್ಣು ಅದು. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬರುವ ಸ್ಪನ್ ಆಗ ಕೆಲವೇ ವಾರ. ಬೆಲೆ ಕಡಿಮೆ, ಮಳೆಗಾಲಕ್ಕೆ ನಾಲ್ಕೈದು ತಂದಿಟ್ಟುಕೊಳ್ಳುತ್ತೇನೆ.

ಈಗ ದೂರುಗಳು. ಪಂಪ್ ಸದ್ದು ಜಾಸ್ತಿ. ಗೋಡೆಗೆ ಮೊಳೆ ಹೊಡೆದು ಕೂರಿಸಿದ ತಗಡಿನ ಬ್ರಾಕೆಟ್ ಅದನ್ನು ಇನ್ನೂ ಹೆಚ್ಚಿಸುತ್ತದೆ, ರಾತ್ರಿ ಓಡಿಸುವ ಹಾಗಿಲ್ಲ. ನಡುವೆ ರಬ್ಬರ್ ಹಾಳೆ ಇಟ್ಟ ಮೇಲೆ ಸ್ವಲ್ಪ ವಾಸಿ. ಪೈಪ್ ತೂರಿಸಿ ಕೂರಿಸುವ ಪುಶ್ ಫಿಟ್ ಎಲ್ಬೋಗಳು ಸಾಧಾರಣ ಗುಣದವು. ಒಂದರಲ್ಲಿ ಮೊದಲ ವಾರವೇ ತೊಟ್ಟಿಕ್ಕಿತು. ಅಂಗಡಿಯವರು ಮಾರನೇ ದಿನವೇ ಹುಡುಗನನ್ನು ಕಳಿಸಿ ಬದಲಾಯಿಸಿದರು, ದುಡ್ಡು ಕೇಳಲಿಲ್ಲ. ಆದರೂ ಕೆಳಗೆ ಒಂದು ಟ್ರೇ ಇಡುವುದು ಒಳ್ಳೆಯದು. ಡಿಐ ಹೌಸಿಂಗ್‌ನ ಓ-ರಿಂಗ್ ಪ್ರತಿ ಸಲ ಬಿಚ್ಚಿದಾಗ ಸರಿಯಾಗಿ ಕೂರಲು ಸತಾಯಿಸುತ್ತದೆ, ಸ್ವಲ್ಪ ಸಿಲಿಕಾನ್ ಗ್ರೀಸ್ ಬೇಕು. ಮೆಂಬ್ರೇನ್ ತೊಳೆಯುವ ಆಟೋ ಫ್ಲಶ್ ಇಲ್ಲ, ಅದನ್ನು ಮುಂದೆ ಹಾಕಿಸಬೇಕು ಅಂತಿದ್ದೇನೆ.

ಕೊನೆಯ ದೂರು ಯಂತ್ರದ್ದಲ್ಲ, ವಿಧಾನದ್ದೇ: ವೇಸ್ಟ್ ನೀರು. ನನ್ನದರಲ್ಲಿ ಒಂದು ಲೀಟರ್ ಒಳ್ಳೆ ನೀರಿಗೆ ಎರಡೂವರೆ ಲೀಟರ್ ಹೊರಗೆ ಹೋಗುತ್ತದೆ. ಇದನ್ನು ತೀರ್ಮಾನಿಸುವುದು ಫ್ಲೋ ರೆಸ್ಟ್ರಿಕ್ಟರ್, ಮೆಕ್ಯಾನಿಕ್‌ಗಳ ಬಾಯಲ್ಲಿ ಎಫ್‌ಆರ್. ಅದರ ಮೇಲೆ 450 ಅಂತ ಇದ್ದರೆ ನಿಮಿಷಕ್ಕೆ 450 ಮಿಲಿಲೀಟರ್ ಹೊರಗೆ ಬಿಡುತ್ತದೆ ಅಂತ ಲೆಕ್ಕ. ವೇಸ್ಟ್ ಕಡಿಮೆ ಆಗಲಿ ಅಂತ ಚಿಕ್ಕ ಎಫ್‌ಆರ್ ಹಾಕಿಸಿದರೆ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟಿ ಬೇಗ ಹಾಳಾಗುತ್ತದೆ. ನೀರು ಉಳಿಸಬೇಕು ಅಂದರೆ ಹೊರಬಂದದ್ದನ್ನು ಬಳಸಬೇಕು. ನಲ್ಲಿಯಲ್ಲಿ 180 ಇದ್ದದ್ದು ವೇಸ್ಟ್‌ನಲ್ಲಿ 250 ಆಗುತ್ತದೆ, ಅಷ್ಟೇ. ನೆಲ ಒರೆಸಲು, ಸ್ಕೂಟರ್ ತೊಳೆಯಲು, ಬಟ್ಟೆ ನೆನೆಹಾಕಲು ಧಾರಾಳವಾಗಿ ಆಗುತ್ತದೆ. ನಮ್ಮ ಅಮ್ಮ ಅದನ್ನೇ ದಾಸವಾಳ, ಕರಿಬೇವಿನ ಗಿಡಕ್ಕೆ ಹಾಕುತ್ತಾರೆ, ಗಿಡ ಚೆನ್ನಾಗಿದೆ.

ದುಡ್ಡಿನ ಮಾತು. ಎಲ್ಲಾ ಸೇರಿ ಏಳು ಸಾವಿರದ ಒಳಗೆ ಮುಗಿಯಿತು, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರೂ ಸೇರಿ. ಹೊರದೇಶದ ಬ್ರ್ಯಾಂಡ್ ಯಂತ್ರಕ್ಕೆ ವಿಚಾರಿಸಿದಾಗ ಬೂಸ್ಟರ್ ಪಂಪ್ ಬಿಟ್ಟೇ ಇದರ ಮೂರು ಪಟ್ಟು ಹೇಳಿದ್ದರು. ಅವುಗಳ ಫಿಟ್ಟಿಂಗ್, ನೋಟ, ಹೌಸಿಂಗ್ ಎಲ್ಲಾ ನನ್ನದಕ್ಕಿಂತ ಚೆಂದ, ಅದರಲ್ಲಿ ಅನುಮಾನ ಇಲ್ಲ. ಒಳಗಿನ ಮೆಂಬ್ರೇನ್, ಕಾರ್ಬನ್ ಮಾತ್ರ ಇಲ್ಲಿ ಸಿಗುವಂಥವೇ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಇಪ್ಪತ್ತು ಲೀಟರಿಗೆ 700 ಗ್ರಾಂ ಸಮುದ್ರದ ಉಪ್ಪು ಕಲಸುತ್ತೇವೆ. ಆ ಉಪ್ಪಿನ ಡಬ್ಬಿಯೇ ದುಬಾರಿ. ಉಳಿದ ದುಡ್ಡು ನನಗೆ ಅದಕ್ಕಾಯಿತು.

ಇಷ್ಟೆಲ್ಲಾ ಹೇಳಿದ್ದು ಕಾವೇರಿ ನೀರಿಗೆ. ಬೋರ್‌ವೆಲ್ ನೀರಿದ್ದರೆ ಲೆಕ್ಕ ಬದಲಾಗುತ್ತದೆ. ಮಂಡ್ಯದಲ್ಲಿರುವ ನಮ್ಮ ಚಿಕ್ಕಮ್ಮನ ಮಗನೂ ತೊಟ್ಟಿ ಶುರು ಮಾಡಬೇಕು ಅಂತಿದ್ದಾನೆ. ಅವನ ಮನೆ ಊರಾಚೆ, ಬೋರ್‌ವೆಲ್ ಒಂದೇ ಗತಿ. ಟಿಡಿಎಸ್ ಸಾವಿರದ ಹತ್ತಿರ. "ಅಕ್ಕಾ, ನಿನ್ನದರ ಥರದ್ದೇ ಒಂದು ನನಗೂ ಹೇಳಿಬಿಡು," ಅಂದ. ಹಾಗೆ ಹೇಳಲಾಗಲಿಲ್ಲ. ಅದೇ ಮೆಂಬ್ರೇನ್ ಅಲ್ಲಿ ಶೇಕಡಾ 97 ತಡೆದರೂ ಡಿಐಗೆ 30 ಹೋಗುತ್ತದೆ. ನನಗೆ ಆರು ತಿಂಗಳು ಬರುವ ರೆಸಿನ್ ಅವನಿಗೆ ಒಂದು ತಿಂಗಳು. ಅದರ ಮೇಲೆ ಬೋರ್‌ವೆಲ್ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ. ಅದು ಅನಿಲ, ಮೆಂಬ್ರೇನ್ ಅದನ್ನು ತಡೆಯುವುದಿಲ್ಲ, ಮೀಟರಿಗೂ ಅಷ್ಟಾಗಿ ಕಾಣುವುದಿಲ್ಲ. ನೇರ ಡಿಐಗೆ ಹೋಗಿ ರೆಸಿನ್ ತಿಂದುಹಾಕುತ್ತದೆ. ನಮ್ಮ ಕಡೆಯ ಕಲ್ಲುನೆಲದ ನೀರಿನಲ್ಲಿ ಸಿಲಿಕಾ ಬೇರೆ.

ಅವನಿಗೆ ಬೇರೆ ಥರ ಯೋಚಿಸಬೇಕು. ಮೆಂಬ್ರೇನ್ ನೀರನ್ನು ಮೊದಲು ಡ್ರಮ್ಮಿಗೆ ತುಂಬಿ, ರಾತ್ರಿಯಿಡೀ ಏರ್ ಪಂಪ್ ಹಾಕಿ ಗುಳ್ಳೆ ಬರಿಸಿದರೆ ಆ ಅನಿಲ ಬಹುಪಾಲು ಹೊರಟುಹೋಗುತ್ತದೆ. ಬೆಳಿಗ್ಗೆ ಚಿಕ್ಕ ಪಂಪ್‌ನಿಂದ ಅದನ್ನು ಡಿಐಗೆ ಕಳಿಸಬಹುದು. ಡಿಐ ಡಬ್ಬಿ ಒಂದರ ಹಿಂದೆ ಒಂದು ಎರಡಿರಲಿ. ಮೊದಲನೆಯದು ಮುಗಿದಾಗ ಎರಡನೆಯದನ್ನು ಅದರ ಜಾಗಕ್ಕೆ ತಂದು, ಹೊಸ ರೆಸಿನ್ ಹಿಂದಕ್ಕೆ ಹಾಕಿದರೆ ಒಂದು ಮಣಿಯೂ ದಂಡವಾಗುವುದಿಲ್ಲ. ಎಫ್‌ಆರ್ ದೊಡ್ಡದು ಬೇಕು, ವೇಸ್ಟ್ ನಾಲ್ಕು ಪಟ್ಟು ಹೋದರೂ ಪರವಾಗಿಲ್ಲ, ಮೆಂಬ್ರೇನ್ ಉಳಿಯಲಿ. ಆ ವೇಸ್ಟ್ ನೀರನ್ನು ಗಿಡಕ್ಕೆ ಹಾಕಬೇಡ, ಉಪ್ಪು ಜಾಸ್ತಿ ಅಂತಲೂ ಹೇಳಿದ್ದೇನೆ. ಮೊದಲಲ್ಲಿ ಸಾಫ್ಟ್‌ನರ್ ಬೇಕಾ ಬೇಡವಾ ಅನ್ನುವುದು ನೀರಿನ ಗಡಸುತನ ನೋಡಿ ಹೇಳಬೇಕು. ಟ್ಯಾಂಕಿನದ್ದು ಬೇಡ, ಮೋಟಾರ್ ಹಾಕಿ ಹತ್ತು ನಿಮಿಷ ಬಿಟ್ಟು ಪೈಪಿನಿಂದಲೇ ಒಂದು ಬಾಟಲಿ ಹಿಡಿದು ತಾ ಅಂದಿದ್ದೇನೆ. ಬರುವ ವಾರ ತರುತ್ತಾನಂತೆ.